ಹಾಳು ಮಾಡೋಕೆ ಒಂದಷ್ಟು ಹಾಳೆ ಕೊಡಿ

ಹಳೆ ವಿದ್ಯಾರ್ಥಿಗಳೇ, ಪೋಷಕರೇ, ಸುಮ್ನೆ ಈ ಕಡೆ ಬಂದು ಓದುತ್ತಿರುವವರೇ,

ಮೇಲಿನ ಸಾಲು ತಪ್ಪಾಗಿ ಬಿದ್ದಿದ್ದಲ್ಲ. ನಮ್ಮ ಶಾಲೆಯ ಮಕ್ಕಳಿಗೆ ನಿಜವಾಗಿಯೂ ಹಾಳು ಮಾಡಲು ಹಾಳೆ ಬೇಕು, ಬಣ್ಣ ಬೇಕು, ಬಟ್ಟೆ ಬೇಕು. ಕೇಳಲು ಸ್ವಲ್ಪ ಮುಜುಗರ ಇದೆ, ಆದರೂ ಕೇಳುತ್ತಿದ್ದೇವೆ.

ಆರನೇ ತರಗತಿಯ ಹುಡುಗಿಯೊಬ್ಬಳು ಚಿತ್ರಕಲೆ ಪಿರಿಯಡ್‌ನಲ್ಲಿ ಕುದುರೆ ಬಿಡಿಸಲು ಕೂತಳು. ತಲೆಗೊಂದೇ ಡ್ರಾಯಿಂಗ್ ಶೀಟ್, ಅದು ನಮ್ಮಲ್ಲಿರುವ ಲೆಕ್ಕ. ಅಷ್ಟು ದೊಡ್ಡ ಹಾಳೆಯ ಎಡ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಕುದುರೆ. ಯಾಕಮ್ಮ ಇಷ್ಟು ಚಿಕ್ಕದು ಅಂದರೆ, "ತಪ್ಪಾದ್ರೆ ಆಮೇಲೆ ಜಾಗ ಬೇಕಲ್ವಾ ಮಿಸ್" ಎಂದಳು. ಹಿಂಗಾಲು ಸರಿಬರಲಿಲ್ಲ. ರಬ್ಬರ್ ಹಾಕಿ ಉಜ್ಜಿದಳು, ಮತ್ತೆ ಬಿಡಿಸಿದಳು, ಮತ್ತೆ ಉಜ್ಜಿದಳು, ನಾಲ್ಕನೇ ಸಲಕ್ಕೆ ಹಾಳೆ ಎಳೆಎಳೆಯಾಗಿ ಎದ್ದು ತೂತೇ ಬಿತ್ತು. ತೂತಿನ ಸುತ್ತ ಹುಲ್ಲು ಬಿಡಿಸಿ ಮುಚ್ಚಿದಳು. ಕುದುರೆಗೆ ಈಗಲೂ ಮೂರೇ ಕಾಲು.

ಗೀಚುವ ವಯಸ್ಸಿನ ಮಗು ಯಾವತ್ತೂ ನನಗೆ ಚಿತ್ರ ಬರಲ್ಲ ಅನ್ನುವುದಿಲ್ಲ, ಗೋಡೆಯನ್ನೂ ಬಿಡುವುದಿಲ್ಲ. ಆ ಮಾತು ಶುರುವಾಗುವುದು 9ರಿಂದ 12ರ ಸುಮಾರಿಗೆ. ಮಕ್ಕಳ ಚಿತ್ರಗಳನ್ನು ವಯಸ್ಸಿನ ಪ್ರಕಾರ ಹಂತಗಳಾಗಿ ವಿಂಗಡಿಸಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಈ ಘಟ್ಟವನ್ನು ಗುರುತಿಸಿದ್ದರು. ತಾನು ಬಿಡಿಸಿದ್ದು ನಿಜವಾದ ಕುದುರೆಯ ಹಾಗಿಲ್ಲ, ಪಕ್ಕದವಳದ್ದು ತನಗಿಂತ ಚೆನ್ನಾಗಿದೆ ಅಂತ ಹೋಲಿಸಿಕೊಳ್ಳುವ ವಯಸ್ಸು ಅದು. ಆಗ ಹತ್ತು ಹಾಳೆ ಸಿಕ್ಕರೆ ಹನ್ನೊಂದನೆಯದಕ್ಕೆ ಕೈ ಚಾಚುತ್ತಾರೆ. ಒಂದೇ ಸಿಕ್ಕರೆ ಅಲ್ಲಿಗೇ ಬಿಟ್ಟುಬಿಡುತ್ತಾರೆ, ಎಷ್ಟೋ ಜನ ಜೀವನಪೂರ್ತಿ. ನಮ್ಮಲ್ಲೇ ಎಷ್ಟು ಜನ ಹಾಗೆ ಬಿಟ್ಟವರಿಲ್ಲ ಹೇಳಿ. ಎರಡು ಬೆಟ್ಟ, ನಡುವೆ ಸೂರ್ಯ, ಅಷ್ಟಕ್ಕೇ ನಮ್ಮ ಕೈ ನಿಂತಿದೆ.

ನಾಟಕದ ಕಥೆ ಬೇರೆ, ಗೋಳು ಅದೇ. ನಮಗೆ ಸಿಗುವುದು 40 ನಿಮಿಷದ ಪಿರಿಯಡ್. ಬೆಂಚುಗಳನ್ನು ಗೋಡೆಗೆ ಸರಿಸಲು ಹತ್ತು ನಿಮಿಷ, ವಾಪಸ್ ಹಾಕಲು ಇನ್ನು ಹತ್ತು. ಉಳಿದ ಅರ್ಧದಲ್ಲಿ ಪಕ್ಕದ ಕೋಣೆಯಲ್ಲಿ ಟೆಸ್ಟ್ ಇದ್ದರೆ ರಾಜನೂ ಪಿಸುಗುಟ್ಟಬೇಕು, ರಾಕ್ಷಸನೂ ಪಿಸುಗುಟ್ಟಬೇಕು.

ಏಳನೇ ತರಗತಿಯ ಒಬ್ಬ ಹುಡುಗ ಹಾಜರಿ ಕರೆದರೂ ಬಾಯಿ ಬಿಡುತ್ತಿರಲಿಲ್ಲ, ಕೈ ಎತ್ತುತ್ತಿದ್ದ ಅಷ್ಟೇ. ಅವನಿಗೆ ಮೊದಲು ಕನ್ನಡಿ ಆಟ ಆಡಿಸಿದೆವು. ಇಬ್ಬರು ಎದುರುಬದುರು ನಿಲ್ಲಬೇಕು, ಒಬ್ಬ ಮಾಡಿದ್ದನ್ನು ಇನ್ನೊಬ್ಬ ಕನ್ನಡಿಯ ಹಾಗೆ ಮಾಡಬೇಕು, ಮಾತೇ ಬೇಡ. ವಯೋಲಾ ಸ್ಪೋಲಿನ್ ರೂಪಿಸಿದ ರಂಗ ಆಟಗಳಲ್ಲಿ ಇದೂ ಒಂದು, ನಾಚಿಕೆ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನಾವು ನೋಡಿಲ್ಲ. ಆಮೇಲೆ ಅವನಿಗೆ ರಾಕ್ಷಸನ ಪಾತ್ರ ಕೊಟ್ಟು ಮುಖವಾಡ ಮಾಡಲು ಹೇಳಿದೆವು. ಬಲೂನಿನ ಮೇಲೆ ನ್ಯೂಸ್‌ಪೇಪರ್ ಚೂರು, ಅಂಟು, ಮತ್ತೆ ಚೂರು, ಹೀಗೆ ಪದರದ ಮೇಲೆ ಪದರ. ಒಂದು ಪದರ ಪೂರ್ತಿ ಒಣಗಿದ ಮೇಲೇ ಇನ್ನೊಂದು ಹಚ್ಚಬೇಕು. ಆದರೆ ಒಣಗಲು ಇಡುವುದೆಲ್ಲಿ? ಲ್ಯಾಬ್‌ನ ಕಪಾಟು ಒಂದು ರಾತ್ರಿಗೆ ಮಾತ್ರ ಸಿಕ್ಕಿತು. ನಾಟಕದ ದಿನ ಹಸಿ ಮೂಗು ಜೋಲುಬಿತ್ತು. ಅವನು ಇಡೀ ದೃಶ್ಯವನ್ನು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡೇ ಆಡಿದ. ಜನ ಅದೂ ಪಾತ್ರದ ಗತ್ತು ಅಂದುಕೊಂಡರು. ಮೂಗಿನ ಹಿಂದಿನಿಂದ ಬಂದ ದನಿ ಹೇಗಿತ್ತೆಂದರೆ ಹಿಂದಿನ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದ ಪುಟ್ಟ ಮಗುವೊಂದು ಎದ್ದು ಅಳಲು ಶುರುಮಾಡಿತು. ಅವನು ಅಲ್ಲೇ ತಿರುಗಿ "ನಿನ್ನನ್ನ ತಿನ್ನಲ್ಲ, ಮಲ್ಕೋ" ಎಂದ. ಆ ಸಾಲು ನಾವು ಬರೆದದ್ದಲ್ಲ.

ಕಲೆ ಕಲಿತರೆ ಗಣಿತದಲ್ಲಿ ಜಾಸ್ತಿ ಅಂಕ ಬರುತ್ತದೆ ಅಂತ ಹೇಳಿ ದುಡ್ಡು ಕೇಳಬಹುದಿತ್ತು. ಹಾಗೆ ಕೇಳುವುದಿಲ್ಲ. ಚಿತ್ರ ಚಿತ್ರಕ್ಕಾಗಿ, ನಾಟಕ ನಾಟಕಕ್ಕಾಗಿ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ಆಟ, ವಿರಾಮದ ಜೊತೆಗೆ ಕಲೆಯಲ್ಲಿ ಪಾಲ್ಗೊಳ್ಳುವುದೂ ಮಗುವಿನ ಹಕ್ಕು ಅಂತಲೇ ಇದೆ. ಬರೆದಿಟ್ಟ ಮಾತ್ರಕ್ಕೆ ಬಣ್ಣದ ಬಾಟಲಿ ತುಂಬುವುದಿಲ್ಲ ನೋಡಿ.

ಈಗ ಬೇಕಾಗಿರುವುದು ಏನು ಅಂದರೆ, ಮೊದಲು ಹಾಳೆ. ನೋಟ್‌ಬುಕ್ ಹಾಳೆ ಚದರ ಮೀಟರ್‌ಗೆ ಸುಮಾರು 60-70 ಗ್ರಾಂ ತೂಗುತ್ತದೆ, ಅದಕ್ಕೆ ನೀರಿನ ಬಣ್ಣ ಹಚ್ಚಿದರೆ ಹಪ್ಪಳದ ಹಾಗೆ ಸುರುಳಿಯಾಗುತ್ತದೆ. 200 ಗ್ರಾಂಗಿಂತ ದಪ್ಪದ್ದು ಬೇಕು, 300 ಆದರೆ ಇನ್ನೂ ಒಳ್ಳೆಯದು. ಬಣ್ಣದಲ್ಲಿ ಕೆಂಪು, ಹಳದಿ, ನೀಲಿ ಇದ್ದರೆ ಉಳಿದಿದ್ದನ್ನು ಮಕ್ಕಳೇ ಬೆರೆಸಿಕೊಳ್ಳುತ್ತಾರೆ, ಬಿಳಿ ಮಾತ್ರ ಡಬಲ್ ಬೇಕು, ಅದೇ ಯಾವಾಗಲೂ ಮೊದಲು ಖಾಲಿಯಾಗುವುದು. ಆಮೇಲೆ ಬ್ರಷ್, ಜೇಡಿಮಣ್ಣು. ಇನ್ನು ದೊಡ್ಡ ಖರ್ಚು ಹಳೆ ಸ್ಟೋರ್ ರೂಮಿನದು. ಅದನ್ನು ಖಾಲಿ ಮಾಡಿ, ನೆಲ ಸರಿಮಾಡಿ, ಕಪ್ಪು ಪರದೆ, ನಾಲ್ಕು ಲೈಟು, ಮುಖವಾಡ ಒಣಗಿಸಲು ಒಂದು ಕಪಾಟು ಹಾಕಿದರೆ ನಮಗೆ ನಾಟಕದ ಕೋಣೆಯೇ ಸಿಗುತ್ತದೆ. ಬೆಂಚು ಎಳೆಯುವುದು ತಪ್ಪುತ್ತದೆ, ರಾಕ್ಷಸರು ಜೋರಾಗಿ ಕೂಗಬಹುದು.

ಹಣ ಕೊಡುವವರು ಎಷ್ಟಾದರೂ ಕೊಡಿ, ಶಾಲೆಯ ಆಫೀಸಿನಲ್ಲಿ ರಸೀದಿ ಕೇಳಿ ಪಡೆಯಿರಿ. ಖರ್ಚಿನ ಬಿಲ್ಲುಗಳನ್ನು ತಿಂಗಳ ಕೊನೆಗೆ ನೋಟಿಸ್ ಬೋರ್ಡಿಗೆ ಹಾಕುತ್ತೇವೆ, ಯಾರು ಬೇಕಾದರೂ ನೋಡಬಹುದು. ಹಣ ಆಗದವರು ಒಂದೇ ಬದಿ ಪ್ರಿಂಟ್ ಆದ ಕಾಗದ, ಹಳೆ ನ್ಯೂಸ್‌ಪೇಪರ್, ರಟ್ಟಿನ ಡಬ್ಬ, ಹಳೆ ಬೆಡ್‌ಶೀಟ್ ಕಳಿಸಿ. ಪೆನ್ಸಿಲ್ ಕೆಲಸಕ್ಕೆ, ಮುಖವಾಡಕ್ಕೆ, ವೇಷಕ್ಕೆ ಎಲ್ಲವೂ ಆಗುತ್ತದೆ. ಒಣಗಿ ಕಲ್ಲಾದ ಬಣ್ಣದ ಟ್ಯೂಬ್ ಮಾತ್ರ ದಯವಿಟ್ಟು ಬೇಡ, ಹೋದ ಸಲ ಒಂದು ಚೀಲ ತುಂಬ ಬಂದಿತ್ತು. ಬಡಗಿ ಕೆಲಸ, ವೈರಿಂಗ್, ಹೊಲಿಗೆ ಬರುವವರು ಒಂದು ರಜಾ ದಿನ ಬಂದರೂ ಸಾಕು.

ರಸೀದಿ ಬರೆಸುವಾಗ ಆಫೀಸಿನ ಪಕ್ಕದ ಗೋಡೆ ನೋಡಿ. ಕುದುರೆ ಅಲ್ಲೇ ಇದೆ, ಅವಳನ್ನು ಕೇಳಿಯೇ ಅಂಟಿಸಿದ್ದೇವೆ. ನಾಲ್ಕನೇ ಕಾಲು ಎಲ್ಲಿ ಅಂತ ಮಾತ್ರ ಅವಳ ಹತ್ತಿರ ಕೇಳಬೇಡಿ.