ಅಪ್ಪನಿಗೆ, ಟೆಕಪೋ ಆಕಾಶದ ವಿಷಯ

ಕ್ರೈಸ್ಟ್‌ಚರ್ಚ್, ನ್ಯೂಜಿಲೆಂಡ್
ಮೇ 20

ತೀರ್ಥರೂಪು ಅಪ್ಪನಿಗೆ ಸುಮಾ ಮಾಡುವ ನಮಸ್ಕಾರಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಯಿತಂತೆ, ಸಂತೋಷ.

ಅಕ್ಕ ಎಲ್ಲ ಬರೆದಿದ್ದಾಳೆ. ಅಂಗಳದಲ್ಲಿ ನಿಂತು "ವಸಿಷ್ಠನ ಪಕ್ಕ ಅರುಂಧತಿ ಕಾಣ್ತಾನೇ ಇಲ್ಲ ಕಣೇ" ಅಂದಿರಂತೆ. ದೀಪದ ಸುತ್ತ ಬಳೆ ಕಾಣುತ್ತದಂತೆ. ಹಿತ್ತಿಲ ಮೆಟ್ಟಿಲಲ್ಲಿ ಜಾರಿದ್ದನ್ನು ಮಾತ್ರ ಯಾರಿಗೂ ಹೇಳಿಲ್ಲ ನೀವು. ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಸಿ ಅಂತ ಡಾಕ್ಟರು ಹೇಳಿದ ಮೇಲೂ "ಇನ್ನೂ ಬಲಿಯಲಿ" ಅನ್ನುತ್ತಿದ್ದೀರಂತೆ. ಫೋನಿನಲ್ಲಿ ಕೇಳಿದರೆ ನೀವು ಮಳೆ ವಿಷಯ ತೆಗೆಯುತ್ತೀರಿ. ಅದಕ್ಕೇ ಈ ಪತ್ರ. ದೊಡ್ಡ ಅಕ್ಷರದಲ್ಲೇ ಬರೆದಿದ್ದೇನೆ.

ಹೋದ ಶನಿವಾರ ಟೆಕಪೋ ಸರೋವರಕ್ಕೆ ಹೋಗಿದ್ದೆವು. ಆ ಸುತ್ತಿನ 4,300 ಚದರ ಕಿಲೋಮೀಟರಿಗಿಂತ ಜಾಸ್ತಿ ಜಾಗವನ್ನು 2012ರಲ್ಲಿ ಕತ್ತಲೆಗಾಗಿಯೇ ಮೀಸಲಿಟ್ಟಿದ್ದಾರೆ. ಬೀದಿದೀಪಕ್ಕೆ ಮೇಲೆ ಮುಚ್ಚಳ, ಬೆಳಕು ನೆಲಕ್ಕೆ ಮಾತ್ರ. ಕತ್ತಲೆಯನ್ನೂ ಕಾಯುವ ಜನ ನೋಡಿ! ಟಾರ್ಚ್ ಕೂಡ ಕೆಂಪು ಬೆಳಕಿನದೇ ಇರಬೇಕು. ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆ ಹಿಡಿಯುತ್ತದೆ, ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿಂದ.

ಮೇ ತಿಂಗಳಲ್ಲಿ ಗುಡ್ಡ ಹತ್ತಿಸಿ, ದಕ್ಷಿಣದಲ್ಲಿ ಮರಗಳ ತುದಿಗೆ ತಾಗಿಕೊಂಡಿದ್ದ ಶಿಲುಬೆಯಾಕಾರದ ನಕ್ಷತ್ರಪುಂಜ ತ್ರಿಶಂಕುವನ್ನು ತೋರಿಸುತ್ತಿದ್ದಿರಲ್ಲ? ಅವನು ಇಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆ! ವರ್ಷವಿಡೀ ಮುಳುಗುವುದೇ ಇಲ್ಲ. ಇವರ ಬಾವುಟದಲ್ಲೂ ಅವನ ನಾಲ್ಕು ನಕ್ಷತ್ರಗಳಿವೆ. ಪಶ್ಚಿಮಕ್ಕೆ ಇನ್ನೊಂದು ಶಿಲುಬೆ ಕಾಣುತ್ತದೆ. ಇದಕ್ಕಿಂತ ದೊಡ್ಡದು, ಮಂಕು. ಹೊಸಬರು ಅದನ್ನೇ ತ್ರಿಶಂಕು ಅಂದುಕೊಳ್ಳುತ್ತಾರೆ. ನಿಜವಾದದ್ದರ ಪಕ್ಕ ಜೋಡಿ ನಕ್ಷತ್ರ ಹೊಳೆಯುತ್ತಿರಬೇಕು. ಅದರಲ್ಲಿ ಆಚೆಯದು ಆಲ್ಫಾ ಸೆಂಟಾರಿ, ನಮಗೆ ಬರೀ 4.37 ಜ್ಯೋತಿರ್ವರ್ಷ ದೂರ.

ಧ್ರುವ ಇಲ್ಲಿ ಹುಟ್ಟುವುದೇ ಇಲ್ಲ. ದಕ್ಷಿಣ ಧ್ರುವದ ಜಾಗದಲ್ಲಿ ಗುರುತು ಹಿಡಿಯುವಂಥ ನಕ್ಷತ್ರವೂ ಇಲ್ಲ. ತ್ರಿಶಂಕುವಿನ ಉದ್ದದ ಗೆರೆಯನ್ನು ತುದಿಯ ಕೆಂಪು ನಕ್ಷತ್ರದಿಂದ ಬುಡದ ಕಡೆಗೆ ಹಾಗೇ ನಾಲ್ಕೂವರೆ ಪಟ್ಟು ಎಳೆಯಬೇಕು. ಅಲ್ಲಿಂದ ನೇರ ನೆಲಕ್ಕಿಳಿದರೆ ಅದೇ ದಕ್ಷಿಣ. ನೀವು ಕಲಿಸಿದ ಹಾಗೆ ಕೈ ಚಾಚಿ ಬೆರಳಲ್ಲಿ ಅಳೆದೆ. ಗ್ಲೌಸ್ ತೆಗೆದಿದ್ದಕ್ಕೆ ಬೆರಳು ಮರಗಟ್ಟಿತು, ಆದರೆ ದಿಕ್ಕು ಸರಿಯಾಗಿ ಸಿಕ್ಕಿತು. ಕೆಳಗಡೆ ಹಿಂಜಿದ ಹತ್ತಿಯ ಹಾಗೆ ಎರಡು ತುಣುಕು. ಮೋಡವಲ್ಲ ಅಪ್ಪಾ, ಬೇರೆ ಗ್ಯಾಲಕ್ಸಿಗಳು, ಮೆಗೆಲಾನಿಕ್ ಮೋಡ ಅಂತ ಹೆಸರು ಅಷ್ಟೆ. ದೊಡ್ಡದು ಸುಮಾರು 1,60,000 ಜ್ಯೋತಿರ್ವರ್ಷ ದೂರ. ಬರಿಗಣ್ಣಿಗೇ ಕಾಣುತ್ತದೆ! ನೀವು ಪಕ್ಕದಲ್ಲಿ ಇರಬೇಕಿತ್ತು.

ಸಪ್ತರ್ಷಿಗಳಲ್ಲಿ ಒಬ್ಬನೂ ಇಲ್ಲಿ ಏಳುವುದಿಲ್ಲ. ನನಗೆ ಅರುಂಧತಿ ಕಾಣದಿರುವುದಕ್ಕೆ ಭೂಮಿಯೇ ಅಡ್ಡ ಇದೆ. ನಿಮಗೆ ಅಡ್ಡ ಇರುವುದು ಪೊರೆ ಅಷ್ಟೇ ಅಲ್ವಾ? ಅದು ಬಲಿಯಲಿ ಅಂತ ಕಾಯುವ ಕಾಲ ಹೋಯಿತು. ಬಲಿತಷ್ಟೂ ಗಟ್ಟಿಯಾಗಿ ತೆಗೆಯುವುದೇ ಕಷ್ಟ. ಮಂಕಾದ ಮಸೂರ ತೆಗೆದು ಹೊಸ ಲೆನ್ಸ್ ಕೂರಿಸುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಕೆಲಸ, ಅದೇ ದಿನ ಮನೆಗೆ. ಒಂದು ಕಣ್ಣು ಸರಿಹೋದ ಮೇಲೆ ಇನ್ನೊಂದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದನ್ನು ಭಾವ ನೋಡಿಕೊಳ್ಳುತ್ತಾರೆ, ಮಾತಾಡಿದ್ದೇನೆ. ದುಡ್ಡು ಅಕ್ಕನ ಖಾತೆಗೆ ಹಾಕಿಯಾಗಿದೆ. ಅದರ ಬಗ್ಗೆ ಒಂದು ಮಾತೂ ಬೇಡ.

ನನ್ನ ಚಿಂತೆ ಮಾಡಬೇಡಿ. ಚಳಿ ಇದೆ, ಆದರೆ ಮನೆಯಲ್ಲಿ ಹೀಟರ್ ಇದೆ, ಸ್ವೆಟರ್ ಇದೆ, ಅಮ್ಮನ ಶಾಲೂ ಇದೆ. ದಿನಾ ಅನ್ನ ಸಾರು ಮಾಡುತ್ತೇವೆ. ಕೆಲಸಕ್ಕೆ ಏನೂ ತೊಂದರೆ ಇಲ್ಲ. ನಿಜವಾಗಲೂ ಇಲ್ಲ. ರಾತ್ರಿ ನಾನೊಬ್ಬಳೇ ಎಲ್ಲೂ ಹೋಗುವುದಿಲ್ಲ, ಇವರು ಜೊತೆಗೇ ಇರುತ್ತಾರೆ.

ಬಸ್ಸಿಗೆ ಹೊತ್ತಾಯಿತು. ಆಪರೇಷನ್ ತಾರೀಖು ಗೊತ್ತಾದ ಕೂಡಲೇ ಅಕ್ಕನಿಂದ ಮೆಸೇಜ್ ಮಾಡಿಸಿ. ಅಲ್ಲಿವರೆಗೆ ಕತ್ತಲಾದ ಮೇಲೆ ಹಿತ್ತಿಲಿಗೆ ಇಳಿಯಬೇಡಿ. ಅಮ್ಮನಿಗೆ ನಮಸ್ಕಾರ, ಪುಟ್ಟನಿಗೆ ಮುತ್ತು.

ನಿಮ್ಮ
ಸುಮಾ