ಥೀಸಿಸ್‌ನಲ್ಲಿ ಹೆಸರು ಬರದವರಿಗೆ

ಹೋದ ವಾರ ನನ್ನ ವೈವಾ ಮುಗಿಯಿತು. ಪಿಎಚ್‌ಡಿಗೆ ಏಳು ವರ್ಷ ಹಿಡಿಯಿತು. ಫೋನ್ ಮಾಡಿದವರಿಗೆ, ಮನೆಗೆ ಬಂದು ಪೇಡೆ ತಿಂದವರಿಗೆ ಎಲ್ಲರಿಗೂ ಥ್ಯಾಂಕ್ಸ್. ಥೀಸಿಸ್‌ನಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇರುತ್ತದಲ್ಲ, ಅದರಲ್ಲಿ ಗೈಡು, ವಿಭಾಗ, ಗ್ರಂಥಾಲಯ ಅಂತ ಬರೆಯುವಷ್ಟರಲ್ಲಿ ಜಾಗ ಮುಗಿದಿತ್ತು. ಉಳಿದವರು ಇಲ್ಲಿದ್ದಾರೆ.

1948ರಲ್ಲಿ ನಿಜಾಮರ ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರುವ ಹೊತ್ತಿನ ಗದ್ದಲದ ದಿನಗಳನ್ನು ಕೊಪ್ಪಳದ ಕಡೆಯ ಹೆಣ್ಣುಮಕ್ಕಳು ಹೇಗೆ ನೆನೆಸಿಕೊಳ್ಳುತ್ತಾರೆ ಅನ್ನೋದು ನನ್ನ ವಿಷಯ. ಅರ್ಧ ಇತಿಹಾಸ, ಅರ್ಧ ಆತ್ಮಕಥೆ. ಇತಿಹಾಸದವರು ದಾಖಲೆ ಎಲ್ಲಿ ಅನ್ನುತ್ತಿದ್ದರು, ಸಾಹಿತ್ಯದವರು ಇದರಲ್ಲಿ ಸಾಹಿತ್ಯ ಎಲ್ಲಿ ಅನ್ನುತ್ತಿದ್ದರು. ಎರಡೂರ ನೆಂಟ ಉಣ್ಣದೆ ಕೆಟ್ಟ ಅಂತಾರಲ್ಲ, ಹಾಗಾಗಿತ್ತು ನನ್ನ ಸ್ಥಿತಿ. ಮೂರನೇ ವರ್ಷ ಮೊದಲ ಅಧ್ಯಾಯ ವಾಪಸ್ ಬಂತು. ಅದರ ಮೇಲೆ ಕೆಂಪು ಪೆನ್ನಿನಲ್ಲಿ 'ಇದು ಅಜ್ಜಿ ಕಥೆ' ಅಂತ ಬರೆದಿತ್ತು. ಬರೆದವರು ಯಾರು ಅನ್ನೋದು ಬಿಡಿ. ಫೆಲೋಶಿಪ್ ದುಡ್ಡೂ ಆಗ ನಿಂತಿತ್ತು, ಮಗಳಿಗೆ ಎರಡು ವರ್ಷ, ನಾನು ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿ ಒಂದೂವರೆ ವರ್ಷ ಸುಮ್ನೆ ಶಾಲೆಯಲ್ಲಿ ಪಾಠ ಮಾಡಿಕೊಂಡಿದ್ದೆ. ಆ ಗಂಟನ್ನು ಅಟ್ಟದಿಂದ ಇಳಿಸಿದವರು ನಮ್ಮ ಅತ್ತೆ. "ಇಲಿ ತಿಂತಾವ, ನೀನರ ಓದು" ಅಂದರು. ಅಷ್ಟೇ.

ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರಿಗೆ ದೊಡ್ಡ ಸಲಾಂ. ಕೊಪ್ಪಳ ಆಗ ನಿಜಾಮರ ರಾಜ್ಯದಲ್ಲಿ ದಿವಾನರ ಮನೆತನವಾದ ಸಾಲಾರ್ ಜಂಗರ ಜಹಗೀರು. ಹಳೇ ಕಾಗದವೆಲ್ಲ ಉರ್ದುವಿನಲ್ಲಿ, ಅದೂ ಶಿಕಸ್ತ ಅನ್ನೋ ಓಡು ಬರಹ, ನೋಡಿದರೆ ಇರುವೆ ಸಾಲು ಹರಿದ ಹಾಗೆ. ಹಳ್ಳಿಗಳಲ್ಲಿ ಜನರ ಟ್ರಂಕಿನಿಂದ ಸಿಕ್ಕ ಕಾಗದಗಳ ಫೋಟೋ ತಂದು ಕೊಟ್ಟರೆ ಪ್ರತಿ ಭಾನುವಾರ ಕೂತು ಓದಿ ಹೇಳುತ್ತಿದ್ದರು. ತೆಗೆದುಕೊಂಡಿದ್ದು ಚಹಾ ಮಾತ್ರ. ಕಾಗದದ ಮೇಲೆ ಫಸಲಿ 1357 ಅಂತ, ಅಂದರೆ ಹಳೇ ಕಂದಾಯ ಲೆಕ್ಕದ ವರ್ಷ, ಇದ್ದುದನ್ನು ನೋಡಿ ಇದ್ಯಾವ ಕಾಲದ್ದು ಅಂತ ನಾನು ಕಣ್ಣು ಬಿಟ್ಟರೆ, "590 ಕೂಡಿಸಮ್ಮಾ, ಇಸವಿ ಬರುತ್ತೆ" ಅಂತ ನಗುತ್ತಿದ್ದರು. ನುಡಿ ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ತಿರುಗಿಸುವಾಗ ಒಡೆದುಹೋದ ನನ್ನ ಒತ್ತಕ್ಷರಗಳನ್ನೆಲ್ಲ ಮತ್ತೆ ಜೋಡಿಸಿದ ಡಿಟಿಪಿ ಹುಡುಗನಿಗೂ ಥ್ಯಾಂಕ್ಸ್, ಬಾಕಿ ದುಡ್ಡು ಒಂದನೇ ತಾರೀಖಿಗೆ ಕೊಡುತ್ತೇನೆ.

ನಿಜ ಹೇಳಬೇಕು ಅಂದರೆ, ಇದನ್ನು ಬರೆಯೋಕೆ ಕೂತದ್ದು ಒಬ್ಬ ಅಜ್ಜಿಗಾಗಿ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ. ಹುಲಿಗಿ ಕಡೆಯವರು. ಆಗ ತುಂಗಭದ್ರೆಯ ಈಚೆ ದಂಡೆ ನಿಜಾಮರದು, ಆಚೆ ಹೊಸಪೇಟೆ ಮದ್ರಾಸ್ ಪ್ರಾಂತ್ಯದ್ದು. ನಿಜಾಮರ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಮಂದಿ ಗಡಿ ದಾಟಿದರು. ನಿಜಾಮರ ವಿರುದ್ಧ ಹೋರಾಡಿದ ಅಳವಂಡಿ ಶಿವಮೂರ್ತಿಸ್ವಾಮಿಗಳು ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ನಡೆಸಿದ್ದು ಪುಸ್ತಕದಲ್ಲಿ ಸಿಗುತ್ತದೆ. ಮನೆ ಬಿಡುವಾಗ ಹತ್ತು ವರ್ಷದ ಹುಡುಗಿ ಕೈಯಲ್ಲಿ ಏನಿತ್ತು ಅನ್ನೋದು ಅಜ್ಜಿಯ ಹತ್ತಿರವೇ ಸಿಗಬೇಕು. ಭಾರತದ ಸೈನ್ಯ ಒಳಗೆ ಬಂದ ಸೆಪ್ಟೆಂಬರ್ 13, ನಿಜಾಮರು ಶರಣಾದ 17, ಯಾವುದೂ ಅವರಿಗೆ ಗೊತ್ತಿಲ್ಲ. "ಹೆಸರುಕಾಯಿ ಬಿಡಿಸೂ ಮುಂದ" ಅನ್ನುತ್ತಾರೆ, ಲೆಕ್ಕ ಹಾಕಿದರೆ ಸರಿಯಾಗೇ ಬರುತ್ತದೆ! ತಾಮ್ರದ ಕೊಡ ಬಾವಿಗೆ ಬಿಟ್ಟದ್ದು, ದನದ ಕಣ್ಣಿ ಬಿಚ್ಚಿದ್ದು, ಸಜ್ಜಿ ರೊಟ್ಟಿ ಎಷ್ಟು ಕಟ್ಟಿದ್ದರು ಅನ್ನೋದು, ಹರಗೋಲಿನಲ್ಲಿ ಯಾರ ಪಕ್ಕ ಯಾರು ಕೂತಿದ್ದರು ಅನ್ನೋವರೆಗೆ ಎಲ್ಲ ಹೇಳಿದರು. ಆಮೇಲೆ ಒಂದು ಕಡೆ ಮಾತು ನಿಂತಿತು. ನಾನು ಮತ್ತೆ ಕೇಳಿದೆ. ಕೇಳಬಾರದಿತ್ತು.

"ಬಂದ್ ಮಾಡವ್ವಾ ಅದನ್ನ" ಅಂತ ಫೋನ್ ತೋರಿಸಿದರು. ರೆಕಾರ್ಡಿಂಗ್ ನಿಲ್ಲಿಸಿದೆ. ತುಂಬಾ ಹೊತ್ತಾದ ಮೇಲೆ ನಾಲ್ಕು ಮಾತು ಹೇಳಿದರು, ಬರೀಬ್ಯಾಡ ಅಂದರು. ಅದು ಥೀಸಿಸ್‌ನಲ್ಲಿ ಇಲ್ಲ, ಇಲ್ಲೂ ಇಲ್ಲ.

ಆದರೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲ ಕರಡಿನಲ್ಲಿ ಹೆಸರು, ಊರು ಬದಲಿಸಿ ಅದನ್ನು ಬರೆದೇಬಿಟ್ಟಿದ್ದೆ. ಇಷ್ಟು ಒಳ್ಳೇ ವಿಷಯ ಕೈಗೆ ಬಂದಿದೆ, ಬಿಡೋದು ಹೇಗೆ ಅನ್ನೋ ಆಸೆ. ಗೈಡ್ ಮೇಡಂ ಓದಿ, "ಅವರು ಬ್ಯಾಡ ಅಂದಿಲ್ವಾ?" ಅಂತ ಕೇಳಿದರು. ಹೂಂ ಅಂದೆ. ಎರಡೂವರೆ ಪುಟ ನನ್ನ ಕೈಯಿಂದಲೇ ಹೊಡೆಸಿ ಹಾಕಿಸಿದರು. ಈಗ ಅಲ್ಲಿ 'ಇಲ್ಲಿಗೆ ರೆಕಾರ್ಡಿಂಗ್ ನಿಲ್ಲಿಸಲಾಯಿತು' ಅಂತ ಒಂದೇ ಸಾಲಿದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅರ್ಧ ಗಂಟೆ ಆ ಸಾಲಿನ ಬಗ್ಗೆಯೇ ಮಾತಾಡಿದರು.

ಮೊನ್ನೆ ಬೈಂಡ್ ಮಾಡಿಸಿದ ಒಂದು ಪ್ರತಿ ಹಿಡಿದು ಅಜ್ಜಿ ಮನೆಗೆ ಹೋಗಿದ್ದೆ. ಅವರಿಗೆ ಓದು ಬರಲ್ಲ. ತೊಡೆ ಮೇಲೆ ಇಟ್ಟುಕೊಂಡು ತೂಕ ನೋಡಿದರು.

"ಯವ್ವಾ, ನಾ ಇಷ್ಟು ಮಾತಾಡೀನೇನು?"

"ನೀವೊಬ್ಬರೇ ಅಲ್ಲಜ್ಜಿ, ಇನ್ನೂ ಹನ್ನೊಂದು ಮಂದಿ ಇದ್ದಾರೆ."

"ಅದು ಐತೇನು ಇದರಾಗ?"

"ಇಲ್ಲ."

ಮೊಮ್ಮಗನನ್ನು ಕರೆದು, ಆ ಪುಟ ಹುಡುಕಿ ಓದು ಅಂದರು. ಅವನು ಓದಿದ. ಅಜ್ಜಿ ಕೇಳಿಸಿಕೊಂಡು, ಪುಸ್ತಕ ಮುಚ್ಚಿ, ದೇವರ ಗೂಡಿನ ಪಕ್ಕ ಇಟ್ಟು ರೊಟ್ಟಿ ಬಡಿಯೋಕೆ ಎದ್ದರು. ಊಟ ಮಾಡಿಯೇ ಬಂದೆ.