ನೆನಪು ಅಳಿದರೆ ವ್ಯಕ್ತಿಯೂ ಅಳಿದಂತೆಯೇ?

ಮಾನ್ಯ ಸಂಪಾದಕರೇ,

ಮರೆವಿನ ಕಾಯಿಲೆಗೆ ತುತ್ತಾದವರನ್ನು ಕುರಿತು ‘ಅವರು ಈಗ ಅವರಾಗಿ ಉಳಿದಿಲ್ಲ’ ಎನ್ನುವುದು ಎಷ್ಟು ರೂಢಿಯಾಗಿದೆಯೆಂದರೆ, ಎದುರಿಗೆ ಕುಳಿತಿರುವ ಮನುಷ್ಯರನ್ನೇ ಆ ಮಾತು ಇಲ್ಲವಾಗಿಸುತ್ತದೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ.

ಇದರ ಹಿಂದೆ ಹಳೆಯದೊಂದು ವಾದವಿದೆ. ಪ್ರಜ್ಞೆಯು, ಎಂದರೆ ನೆನಪು, ಹಿಂದಿನ ಯಾವ ಕೃತ್ಯದವರೆಗೆ ಚಾಚಬಲ್ಲದೋ ಅಲ್ಲಿಯವರೆಗೆ ವ್ಯಕ್ತಿ ಒಬ್ಬನೇ ಎಂದು ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ಬರೆದರು. 1785ರಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ರೀಡ್ ಇದರ ತೊಡಕನ್ನು ಒಂದು ಕಲ್ಪಿತ ಉದಾಹರಣೆಯಿಂದ ಬಿಡಿಸಿಟ್ಟರು: ತೋಟದಲ್ಲಿ ಕದ್ದು ಏಟು ತಿಂದ ಹುಡುಗ ಮುಂದೆ ಸೇನಾಧಿಕಾರಿಯಾಗಿ ಶತ್ರುವಿನ ಧ್ವಜ ಕಸಿದುಕೊಂಡಾಗ ಆ ಏಟು ಅವನಿಗೆ ನೆನಪಿತ್ತು, ಇಳಿವಯಸ್ಸಿನಲ್ಲಿ ಸೇನಾಪತಿಯಾದಾಗ ಧ್ವಜ ನೆನಪಿತ್ತು, ಏಟು ಮರೆತುಹೋಗಿತ್ತು. ಲಾಕ್ ವಾದದಂತೆ ಸೇನಾಪತಿಯು ಆ ಅಧಿಕಾರಿಯೇ, ಅಧಿಕಾರಿಯು ಆ ಹುಡುಗನೇ, ಆದರೆ ಸೇನಾಪತಿ ಮಾತ್ರ ಆ ಹುಡುಗನಲ್ಲ! ನನಗಂತೂ ರೀಡ್ ಅವರ ಆಕ್ಷೇಪಣೆಯೇ ಸರಿಯೆನಿಸುತ್ತದೆ.

ನನ್ನ ತಾಯಿ ಕೊನೆಯ ದಿನಗಳಲ್ಲಿ ನನ್ನ ಹೆಸರನ್ನು ಮರೆತಿದ್ದರು. ಆದರೂ ಟವೆಲನ್ನು ಕೈಗಿತ್ತರೆ ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಸುಕ್ಕು ಸವರಿ, ಮೊದಲಿನಷ್ಟೇ ಒಪ್ಪವಾಗಿ ಮಡಿಸುತ್ತಿದ್ದರು. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ತಮ್ಮ ಹೊದಿಕೆಯನ್ನು ಅವರತ್ತ ಸರಿಸುತ್ತಿದ್ದರು. ನೆನಪಿಗೆ ನಿಲುಕದಿದ್ದ ಆ ಅಕ್ಕರೆ ಅವರದೇ ಆಗಿತ್ತು, ಬೇರೆ ಯಾರದೂ ಆಗಿರಲಿಲ್ಲ.

ವ್ಯಕ್ತಿತ್ವವು ದೇಹದ ರೂಢಿಯಲ್ಲಿ, ಸ್ವಭಾವದಲ್ಲಿ, ನಮ್ಮನ್ನು ‘ಅಮ್ಮ’ ಎಂದೋ ‘ಅಪ್ಪ’ ಎಂದೋ ಕರೆಯುವವರೊಂದಿಗಿನ ಸಂಬಂಧದಲ್ಲಿಯೂ ನೆಲೆಸಿರುತ್ತದೆ ಎಂದು ಒಪ್ಪುವುದಾದರೆ, ಇಂಥವರ ಎದುರಿನಲ್ಲೇ ಅವರ ವಿಷಯವನ್ನು ಅವರಿಲ್ಲವೆಂಬಂತೆ ಚರ್ಚಿಸುವುದನ್ನು ನಾವು ನಿಲ್ಲಿಸಬೇಕಾಗುತ್ತದೆ. ಪತ್ರಿಕೆಗಳೂ ತಮ್ಮ ಬರಹಗಳಲ್ಲಿ ‘ಬದುಕಿದ್ದೂ ಇಲ್ಲದಂತಾದವರು’ ಎಂಬಂಥ ಮಾತುಗಳನ್ನು ಕೈಬಿಡಬೇಕೆಂದು ಕೋರುತ್ತೇನೆ.

– ಓರ್ವ ಓದುಗ